ಬಾಣಂತಿ ನೀರು ನಿಲ್ಲಿಸಿದ ತಿಂಗಳು

ಡಾಕ್ಟ್ರಮ್ಮ ಲೇಬರ್ ರೂಮಿಗೆ ಬೀಗ ಹಾಕಿದರು. ನಲವತ್ತು ದಿನಗಳಿಂದ ಅಲ್ಲಿ ಒಂದು ಮಗುವೂ ಅತ್ತಿರಲಿಲ್ಲ.

"ಹೆರಿಗೆ ಮಾಡ್ಸೋಕೆ ಅಂತ ಘಟ್ಟ ಇಳಿದು ಬಂದೋಳು ನಾನು. ಕೆಮ್ಮಿಗೆ ಸಿರಪ್ ಬರೆಯೋದಾದ್ರೆ ನಮ್ಮೂರಲ್ಲೇ ಬರೀತೀನಿ. ಈ ತಿಂಗಳು ಮುಗಿಸಿ ಹೊರಡ್ತೀನಿ ಕಣಮ್ಮ" ಅಂದರು.

ಅವರು ನಮ್ಮ ಆಸ್ಪತ್ರೆಗೆ ಬಂದ ಐದನೇ ಡಾಕ್ಟರ್. ಅವರೂ ಹೋದರೆ ಇನ್ನೊಬ್ಬರನ್ನು ಹುಡುಕುವ ಶಕ್ತಿ ಇಲ್ಲ, ಬಾಗಿಲು ಹಾಕುವುದೇ ಎಂದು ಆಸ್ಪತ್ರೆ ನಡೆಸುತ್ತಿದ್ದ ಊರ ಕಮಿಟಿಯವರು ಹೇಳಿಯಾಗಿತ್ತು.

ತೊಂಬತ್ತರ ದಶಕದ ಕೊನೆ ಅದು. ಪಾಣೆಮಂಗಳೂರಿನಿಂದ ಸ್ವಲ್ಪ ಒಳಗೆ, ಎಂಟು ಹಾಸಿಗೆಯ ಹಂಚಿನ ಕಟ್ಟಡ.

ಊರವರೇ ಕಲ್ಲು ಹೊತ್ತು ಕಟ್ಟಿದ್ದು. ಒಂದು ಮನೆಯಿಂದ ಹಂಚು, ಇನ್ನೊಂದು ಮನೆಯಿಂದ ಮರ, ಗಲ್ಫಿನಲ್ಲಿದ್ದವರಿಂದ ಮಂಚ... ಯಾರ ಹೆಸರನ್ನೂ ಗೋಡೆಯ ಮೇಲೆ ಬರೆಸಿರಲಿಲ್ಲ. ಆ ಒಂದು ಕಾರಣಕ್ಕೇ ನಾನು ಅಲ್ಲಿ ಕೆಲಸಕ್ಕೆ ಸೇರಿದೆ.

ನನಗಾಗ ಇಪ್ಪತ್ತೆರಡು. ಮನೆಮನೆಗೆ ಹೋಗಿ ಬಸುರಿಯರನ್ನು ಚೆಕಪ್‌ಗೆ ಕರೆತರುವುದು ನನ್ನ ಕೆಲಸ.

ಕಾಲೇಜಿಗೆ ಹೋದವಳಲ್ಲ ನಾನು. ಅಮ್ಮ ಬೀಡಿ ಕಟ್ಟುತ್ತಿದ್ದಳು. ಅದನ್ನು ಒಪ್ಪಿಸಲು ಬೀಡಿ ಬ್ರಾಂಚಿಗೆ ಹೋದಾಗ ಅಲ್ಲಿ ಸಿಗುತ್ತಿದ್ದ ಕರಪತ್ರಗಳನ್ನೆಲ್ಲ ತಂದು ಓದುತ್ತಿದ್ದೆ. ಆರೋಗ್ಯ ನಮ್ಮ ಹಕ್ಕು, ಮೂಢನಂಬಿಕೆ ತೊಲಗಲಿ... ಎಲ್ಲ ಬಾಯಿಪಾಠ.

ಆಸ್ಪತ್ರೆಯ ಹಿಂದೆ ಒಂದು ಬಚ್ಚಲು ಇತ್ತು. ಅಲ್ಲಿ ತಾಮ್ರದ ದೊಡ್ಡ ಹಂಡೆ.

ನಮ್ಮ ಆಯಾ ದೇವಕಿಯಕ್ಕ ಅದರಲ್ಲಿ ಮೈನೋವಿನ ಮದ್ದಾದ ನೆಕ್ಕಿ ಸೊಪ್ಪು ಹಾಕಿ ನೀರು ಕಾಯಿಸಿ, ಬಾಣಂತಿಯರಿಗೆ ಎಣ್ಣೆ ತಿಕ್ಕಿ, ಆ ಬಿಸಿ ನೀರನ್ನು ಚೆಂಬಿನಲ್ಲಿ ಬೀಸಿ ಬೀಸಿ ಬೆನ್ನಿಗೆ ಹೊಡೆಯುತ್ತಿದ್ದರು. ಹೊರಗೆ ನಿಂತು ಕೇಳಿದರೆ ಯಾರಿಗೋ ಪೆಟ್ಟು ಬೀಳುತ್ತಿದೆ ಅನ್ನಿಸಬೇಕು.

ನನಗೆ ಕೋಪ ಬಂತು. ಹೆತ್ತು ಸುಸ್ತಾದವಳಿಗೆ ಇದೆಂಥ ಶಿಕ್ಷೆ?

ನಾನೇ ಒಂದು ಕರಪತ್ರ ಬರೆದೆ. ತಲೆಬರಹ, 'ಬಾಣಂತಿ ನೀರು ಎಂಬ ಹಿಂಸೆ'. ನಮ್ಮ ಆಸ್ಪತ್ರೆಯಲ್ಲಿ ಇನ್ನು ಇದು ಇಲ್ಲ ಎಂದು ಕೊನೆಗೆ ದಪ್ಪ ಅಕ್ಷರದಲ್ಲಿ. ಬಂಟ್ವಾಳದಲ್ಲಿ ಪ್ರಿಂಟ್ ಮಾಡಿಸಿ, ಬೀಡಿ ಬ್ರಾಂಚಿನ ಕ್ಯೂನಲ್ಲಿ ನಿಂತ ಪ್ರತಿ ಹೆಂಗಸಿನ ಕೈಗೂ ಕೊಟ್ಟೆ.

ಡಾಕ್ಟ್ರಮ್ಮ ಬೇಡ ಅನ್ನಲಿಲ್ಲ. ಸ್ನಾನ ತಾನೇ, ಮನೆಗೆ ಹೋಗಿ ಮಾಡಿಕೊಳ್ಳುತ್ತಾರೆ ಅಂದರು. ಹಂಡೆ ಸ್ಟೋರ್ ರೂಮಿಗೆ ಹೋಯಿತು. ದೇವಕಿಯಕ್ಕ ಅಂದು ಮನೆಗೆ ಹೋದವರು ಮತ್ತೆ ಬರಲಿಲ್ಲ.

ಹೆರಿಗೆಯವರೂ ಬರಲಿಲ್ಲ. ಚೆಕಪ್‌ಗೆ ಬರುತ್ತಾರೆ, ಮಾತ್ರೆ ತೆಗೆದುಕೊಳ್ಳುತ್ತಾರೆ, ದಿನ ತುಂಬಿದಾಗ ಮಾಯ. ನನಗೆ ಕಾರಣವೇ ಹೊಳೆಯಲಿಲ್ಲ.

ಬೀಗ ಬಿದ್ದ ಮರುದಿನ ಜುಬೇದಾಳನ್ನು ಹುಡುಕಿಕೊಂಡು ಹೋದೆ. ಅವಳ ಮೊದಲ ಎರಡು ಮಕ್ಕಳೂ ನಮ್ಮಲ್ಲೇ ಹುಟ್ಟಿದ್ದು. ಮೂರನೆಯದಕ್ಕೆ ತುಂಬು ಬಸುರಿ, ತಾಯಿಮನೆಯಲ್ಲಿದ್ದಳು.

ಅವಳ ತಾಯಿ ಬೀಫಾತುಮ್ಮ ನನ್ನನ್ನು ಕೂರಿಸಿ ಚಾ ಕೊಟ್ಟರು. ಆಮೇಲೆ ಬೈದರು. ತುಳುವಿನಲ್ಲಿ ಬೈದದ್ದನ್ನು ಕನ್ನಡದಲ್ಲಿ ಬರೆದರೆ ಅರ್ಧ ಖಾರ ಹೋಗುತ್ತದೆ...

"ನಿಮ್ಮ ಡಾಕ್ಟ್ರುಗಳು ಇವತ್ತು ಬರ್ತಾರೆ, ನಾಳೆ ಹೋಗ್ತಾರೆ. ನಾವು ಬರುವುದು ದೇವಕಿಯ ಕೈ ನೀರಿಗೆ. ಅದಿಲ್ಲದಿದ್ದರೆ ನೀರು ಹಾಕುವವರು ಇರುವ ಕಡೆ ಹೋಗಿ ಹೆರ್ತೇವೆ. ಮನೆಯಲ್ಲಿ ಯಾರುಂಟು ಹಾಗೆ ನೀರು ಹಾಕ್ಲಿಕ್ಕೆ? ನನಗೆ ಸೊಂಟ ಬಗ್ಗುವುದಿಲ್ಲ. ನೀನು ಹಾಕ್ತೀಯಾ?"

ನಾಲ್ಕು ಡಾಕ್ಟರುಗಳು ಬಂದು ಹೋದರೂ ಆಸ್ಪತ್ರೆ ಯಾಕೆ ಉಳಿದಿತ್ತು ಅಂತ ನನಗೆ ಗೊತ್ತಾದದ್ದು ಆ ಜಗಲಿಯಲ್ಲಿ.

ಅಲ್ಲಿಂದ ನೇರ ದೇವಕಿಯಕ್ಕನ ಮನೆಗೆ. ಅವರು ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದರು. ತಪ್ಪಾಯಿತು, ಬನ್ನಿ ಅಂದೆ. ತಲೆ ಎತ್ತಲಿಲ್ಲ. ಓದಲು ಬಾರದ ಅವರಿಗೆ ನನ್ನ ಕರಪತ್ರವನ್ನು ಯಾರೋ ಓದಿ ಹೇಳಿದ್ದರು.

"ಎಂತ, ನನ್ನ ಹಿಂಸೆ ಬೇಕಾಯ್ತಾ ಈಗ?"

ನಾನು ಅವರ ಎದುರು ನೆಲದಲ್ಲೇ ಕೂತೆ.

"ಆ ನೀರು ಎಷ್ಟು ಬಿಸಿ ಉಂಟು ಅಂತ ಒಂದು ದಿನ ಕೈ ಹಾಕಿ ನೋಡಿದ್ದೀಯಾ ಮಗಾ?"

ಇಲ್ಲ. ಅಷ್ಟು ಬರೆದವಳು, ಒಮ್ಮೆಯೂ ಆ ಬಚ್ಚಲಿನ ಒಳಗೆ ಕಾಲಿಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಅವರು ಬಂದರು. ಹಂಡೆ ಹೊತ್ತದ್ದು ನಾನು, ಸೌದೆ ಒಟ್ಟಿದ್ದು ನಾನು. ನೀರು ಕಾದ ಮೇಲೆ ನನ್ನನ್ನೇ ಕಲ್ಲಿನ ಮೇಲೆ ಕೂರಿಸಿದರು.

ಪ್ರತಿ ಚೆಂಬನ್ನೂ ಮೊದಲು ತನ್ನ ಮುಂಗೈಗೆ ಸ್ವಲ್ಪ ಹೊಯ್ದು ನೋಡಿ, ಆಮೇಲೆ ನನ್ನ ಬೆನ್ನಿಗೆ. ನೋವಾಗಲಿಲ್ಲ. ಊರೂರು ತಿರುಗಿ ಗಟ್ಟಿಯಾಗಿದ್ದ ಸೊಂಟ ಒಂದೊಂದೇ ಎಳೆಯಾಗಿ ಬಿಚ್ಚಿಕೊಂಡಿತು. ನಾನು ಅತ್ತದ್ದನ್ನು ಆ ಹಬೆಯಲ್ಲಿ ಅವರು ನೋಡಿದರೋ ಇಲ್ಲವೋ.

ಒದ್ದೆ ಕೂದಲಿನಲ್ಲೇ ಬೀಡಿ ಬ್ರಾಂಚಿಗೆ ಹೋಗಿ ಎಲ್ಲರ ಎದುರು ಹೇಳಿದೆ. ನಾನು ಬರೆದದ್ದು ತಪ್ಪು, ದೇವಕಿಯಕ್ಕ ಬಂದಿದ್ದಾರೆ, ನೀರು ಉಂಟು ಅಂತ.

ಕ್ಯೂನ ಹಿಂದಿನಿಂದ ಯಾರೋ ನನ್ನ ಕೂದಲು ನೋಡಿ, "ನೀನು ಹೆತ್ತದ್ದು ಯಾವಾಗ ಮಾರಾಯ್ತಿ?" ಅಂದರು. ಇಡೀ ಬ್ರಾಂಚು ನಕ್ಕಿತು. ನಾನೂ.

ತಿಂಗಳು ಮುಗಿಯಲು ನಾಲ್ಕು ದಿನ ಇರುವಾಗ, ಮಧ್ಯಾಹ್ನದ ಬಿಸಿಲಿಗೆ ಜುಬೇದಾಳ ರಿಕ್ಷಾ ಬಂತು. ಅರ್ಧ ಊಟದಲ್ಲಿ ಎದ್ದ ಡಾಕ್ಟ್ರಮ್ಮ ಬೀಗ ತೆಗೆದರು. ಹೆಣ್ಣು ಮಗು.

ಅದೇ ವಾರ ಇನ್ನೆರಡು. ಡಾಕ್ಟ್ರಮ್ಮ ಹೊರಡುವ ಮಾತು ಎತ್ತಲಿಲ್ಲ, ನಾವೂ ನೆನಪಿಸಲಿಲ್ಲ. ಆರು ವರ್ಷ ಇದ್ದರು.

ಆಮೇಲೆ ದೇವಕಿಯಕ್ಕ ತೀರಿಕೊಂಡರು. ಕಮಿಟಿಯ ಹಿರಿಯರು ಒಬ್ಬೊಬ್ಬರಾಗಿ ಹೋದರು. ಡಾಕ್ಟ್ರಮ್ಮ ವಯಸ್ಸಾಯಿತೆಂದು ಆಗಲೇ ತಮ್ಮೂರಿಗೆ ಮರಳಿದ್ದರು. ಮಂಗಳೂರಿನ ದೊಡ್ಡ ಆಸ್ಪತ್ರೆಗಳು ಎಲ್ಲರಿಗೂ ಹತ್ತಿರವಾದವು... ಒಂದು ದಿನ ಬಾಗಿಲು ಮುಚ್ಚಿತು. ಆ ಸಲ ನಾನು ಏನು ಮಾಡಿದರೂ ನಿಲ್ಲುವಂತಿರಲಿಲ್ಲ.

ನಾನು ಈಗಲೂ ಕರಪತ್ರ ಬರೆಯುತ್ತೇನೆ, ಈಗಲೂ ಜಗಳಕ್ಕೆ ನಿಲ್ಲುತ್ತೇನೆ. ಆದರೆ ಆ ಎಂಟು ಹಾಸಿಗೆಯನ್ನು ನೆನೆದರೆ ಮಾತ್ರ ಪೆನ್ನು ಕೆಳಗಿಡುತ್ತೇನೆ.

ಪಾಣೆಮಂಗಳೂರಿನ ಆ ಹಂಚಿನ ಕಟ್ಟಡದಲ್ಲಿ ಹುಟ್ಟಿದವರು ಯಾರಾದರೂ ಇದನ್ನು ಓದುತ್ತಿದ್ದೀರಾ?