ಆರನೆಯ ಎಣಿಕೆ

ಪ್ರತಾಪ ಕೃತಘ್ನ. ನೂರಾ ಎಂಟು ಕಿಲೋ ತೂಗುವ ಈ ಮನುಷ್ಯನಿಗೆ ತನ್ನ ಸೋಲನ್ನು ತಾನು ಹೊರುವ ಶಕ್ತಿಯಿಲ್ಲ. ಅದನ್ನು ಹೆತ್ತ ತಂದೆಯ ಮೇಲೆ ಹೊರಿಸಿ ಏಳು ವರ್ಷ ಊರೂರು ತಿರುಗಿದ. ನಾನು ಅವನನ್ನು ಅರಿತದ್ದು ರೋಗಿಯಾಗಿ, ಅದೂ ಕಳೆದ ಒಂದು ವರ್ಷದಿಂದ. ಅದಕ್ಕೂ ಹಿಂದಿನ ಸಂಗತಿಗಳನ್ನು ಅವನೂ ಅವನ ತಂಗಿ ಸಪ್ನಾಳೂ ಹೇಳಿದರು. ಇಬ್ಬರ ಮಾತು ಹೊಂದದ ಕಡೆ ತಂಗಿಯ ಮಾತನ್ನೇ ನಂಬಿದ್ದೇನೆ.

ಟಿಕೋಟಾ ಕಡೆಯ ಘೋಣಸಗಿಯಲ್ಲಿ ಅವರದು ಎರಡು ಖೋಲಿಯ ಮನೆ. ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಪಕ್ಕದಲ್ಲಿ ಮೊಳೆಗೆ ತೂಗುಹಾಕಿದ ಒಂದು ಹಳೆಯ ಲಂಗೋಟಿ. ತಂದೆ ಶಾಂತಪ್ಪ ದ್ರಾಕ್ಷಿ ತೋಟಗಳಲ್ಲಿ ಬಳ್ಳಿ ಸವರುವ ಕೆಲಸದವನು. ತಾಯಿ ರುಕ್ಮವ್ವ ಒಣದ್ರಾಕ್ಷಿ ಆರಿಸಲು ಹೋಗುತ್ತಾಳೆ. ಶಾಂತಪ್ಪ ಹರೆಯದಲ್ಲಿ ಕುಸ್ತಿ ಹಿಡಿದವನು. ಅವನೊಂದಿಗೆ ಮೈಗೆ ಮೈ ತಾಗಿದರೆ ಮೈಲಿಗೆಯೆಂದು ಕೆಲವು ಊರುಗಳಲ್ಲಿ ಜೋಡಿಯನ್ನೇ ಕಟ್ಟುತ್ತಿರಲಿಲ್ಲ. ಒಮ್ಮೆ ಒಂದು ಊರಿನಲ್ಲಿ ಹೇಗೋ ಜೋಡಿ ಸಿಕ್ಕಿ, ಅವನು ಎದುರಾಳಿಯ ಬೆನ್ನನ್ನು ಮಣ್ಣಿಗೆ ಹಚ್ಚಿದ. ಗೆದ್ದವನನ್ನು ಆ ಕ್ಷಣವೇ ಹೆಗಲ ಮೇಲೆ ಎತ್ತಿ ಹಲಗಿ ಬಾರಿಸುತ್ತ ಕಣ ಸುತ್ತಿಸುವುದು ನಮ್ಮ ಕಡೆಯ ರೂಢಿ. ಅಂದು ಹಲಗಿ ಬಾರಿಸಿದರು; ಎತ್ತಲು ಯಾರೂ ಬರಲಿಲ್ಲ. ಶಾಂತಪ್ಪ ತಾನೇ ನಡೆದು ಹೊರಗೆ ಬಂದ. ಮಗ ಹುಟ್ಟಿದ ಮೇಲೆ ಕುಸ್ತಿ ಬಿಟ್ಟ.

ಪ್ರತಾಪ ಹದಿನೇಳಕ್ಕೆ ಪುಣೆಯ ಒಂದು ಕುಸ್ತಿಯ ತಾಲೀಮುಖಾನೆ ಸೇರಿದ. ಕುಸ್ತಿಗೆ ಅವನ ಕಾಲು ನಿಧಾನ, ಕೈ ಮಾತ್ರ ಚುರುಕು ಎಂದು ಅಲ್ಲಿನವರು ಎರಡು ವರ್ಷದಲ್ಲಿ ಕಂಡುಕೊಂಡರು. ನಾಸೀರ ಎಂಬ ಬಾಕ್ಸಿಂಗ್ ತರಬೇತುದಾರ ಅವನನ್ನು ಕರೆದುಕೊಂಡು ಹೋಗಿ ಕೈಗೆ ಗ್ಲವ್ ಹಾಕಿಸಿದ. ನಮ್ಮ ದೇಶದಲ್ಲಿ ಹೆವಿವೇಟ್ ಬಾಕ್ಸರುಗಳು ಬೆರಳೆಣಿಕೆಯಷ್ಟು. ತೂಕವಿದ್ದವನು ಬೇಗ ಮೇಲೇರುತ್ತಾನೆ. ಮೊದಲ ಐದು ಪಂದ್ಯಗಳನ್ನು ಪ್ರತಾಪ ನಾಕೌಟ್‌ನಲ್ಲಿ ಗೆದ್ದ. ಎದುರಾಳಿಗಳು ಯಾರಿದ್ದರು ಎಂದು ನಾನು ಕೇಳಿದೆ. ಇಬ್ಬರು ಜಿಮ್ ನಡೆಸುವವರು, ಒಬ್ಬ ಹೋಟೆಲಿನ ಕಾವಲುಗಾರ, ಉಳಿದಿಬ್ಬರ ಹೆಸರು ಅವನಿಗೇ ನೆನಪಿರಲಿಲ್ಲ.

ಬಳಿಕ ಬ್ಯಾಂಕಾಕಿಗೆ ಹೋಗಿ ಎರಡನೆಯ ರೌಂಡಿನಲ್ಲಿ ಬಿದ್ದ. ಅಲ್ಲಿನ ಊಟ ಸರಿಯಿರಲಿಲ್ಲವಂತೆ. ದುಬೈಯಲ್ಲಿ ಮೂರನೆಯ ರೌಂಡು. ಅಲ್ಲಿ ಗ್ಲವ್ ಬಿಗಿಯಾಗಿತ್ತಂತೆ. ಗೆದ್ದ ರಾತ್ರಿ ಮಾತ್ರ ಊರಿಗೆ ಫೋನ್ ಮಾಡುತ್ತಿದ್ದ. "ಯಪ್ಪಾ, ಕೆಡವಿದೆ" ಎನ್ನುತ್ತಿದ್ದ, ಅಷ್ಟೇ. ಕೆಳಗೆ ಬಿದ್ದವನಿಗೆ ಎದ್ದು ನಿಲ್ಲಲು ಹತ್ತು ಎಣಿಸುವವರೆಗೆ ಅವಕಾಶವಿದೆ, ಅಲ್ಲಿಯವರೆಗೆ ಪಂದ್ಯ ಮುಗಿದಿಲ್ಲ ಎಂಬುದನ್ನು ಆ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ತಿಳಿದವನು ತಿಳಿಯದವರಿಗೆ ಹೇಳದಿದ್ದರೆ ತಪ್ಪು ಯಾರದು ಎಂದು ನಾನು ಒಮ್ಮೆ ಕೇಳಿದ್ದೆ. ಅವನು ಕಿಟಕಿಯ ಕಡೆಗೆ ಮುಖ ತಿರುಗಿಸಿದ.

2017ರ ಡಿಸೆಂಬರಿನಲ್ಲಿ ಪುಣೆಯಲ್ಲಿ ಅವನಿಗೆ ಪಟ್ಟದ ಪಂದ್ಯ ಸಿಕ್ಕಿತು. ಗೆದ್ದರೆ ಸೊಂಟಕ್ಕೆ ದೇಶದ ಹೆವಿವೇಟ್ ಬೆಲ್ಟು, ಮುಂದೆ ಹೊರದೇಶದಲ್ಲಿ ಮರ್ಯಾದೆಯ ಪಂದ್ಯಗಳು. ಘೋಣಸಗಿಯಿಂದ ಎರಡು ಕ್ರೂಸರ್ ಗಾಡಿ ತುಂಬ ಜನ ಹೋದರು, ಹಲಗಿಯ ಸಮೇತ. ಹಲಗಿಯನ್ನು ಒಳಗೆ ಬಿಡುವುದಿಲ್ಲ ಎಂದ ಕಾವಲಿನವರೊಂದಿಗೆ ಜಗಳವಾಡಿ ಒಳಗೆ ಒಯ್ದರು. ಪ್ರತಾಪ ತಂದೆಯ ಕೊರಳಿಗೆ ತನ್ನ ಕಡೆಯ ಸಹಾಯಕನೆಂಬ ಚೀಟಿ ಹಾಕಿಸಿ, ಹೆಗಲಿಗೆ ಟವೆಲ್ ಕೊಟ್ಟು, ಹಗ್ಗದ ಪಕ್ಕದಲ್ಲೇ ಕೂರಿಸಿದ. ತಂದೆಗೆ ತನ್ನ ದೊಡ್ಡಸ್ತಿಕೆ ಹತ್ತಿರದಿಂದ ಕಾಣಲಿ ಎಂಬುದೇ ಇದಕ್ಕೆ ಕಾರಣ ಎಂದು ನನ್ನ ಊಹೆ.

ನಾಲ್ಕನೆಯ ರೌಂಡಿನಲ್ಲಿ ಪ್ರತಾಪನ ಬಲಗೈ ಎದುರಾಳಿಯ ದವಡೆಗೆ ತಾಗಿತು. ಎದುರಾಳಿ ಅಂಗಾತ ಬಿದ್ದ. ಎರಡೂ ಭುಜ ನೆಲ ಮುಟ್ಟಿದವು. ಘೋಣಸಗಿಯವರ ಪಾಲಿಗೆ ಕುಸ್ತಿ ಅಲ್ಲಿಗೆ ಮುಗಿದಿತ್ತು. ಹಲಗಿ ಸಿಡಿಯಿತು. ಐವತ್ತೆಂಟು ವರ್ಷದ ಶಾಂತಪ್ಪ ಹಗ್ಗ ದಾಟಿ ಒಳಗೆ ಹೋಗಿ, ಮಗನ ಕಾಲುಗಳ ನಡುವೆ ತಲೆ ತೂರಿಸಿ, ಆ ದೇಹವನ್ನು ಹೆಗಲ ಮೇಲೆ ಎತ್ತಿಬಿಟ್ಟ. ಆಗ ರೆಫರಿಯ ಎಣಿಕೆ ಆರಕ್ಕೆ ಬಂದಿತ್ತು. ಪಂದ್ಯ ನಡೆಯುವಾಗ ಆಟಗಾರನ ಕಡೆಯವರು ಯಾರೇ ಒಳಗೆ ಬಂದರೂ ಅವನು ಸೋತಂತೆ. ರೆಫರಿ ಕೈ ಬೀಸಿದ. ಶಾಂತಪ್ಪ ಅದನ್ನು ಗೆಲುವಿನ ಸನ್ನೆ ಎಂದುಕೊಂಡು ಎರಡು ಸುತ್ತು ತಿರುಗಿದ. ಮೇಲೆ ಕುಳಿತಿದ್ದ ಮಗ ಗ್ಲವ್ ಹಾಕಿದ ಕೈಯಿಂದ ತಂದೆಯ ತಲೆಗೆ ಹೊಡೆದ.

"ಇಳಸಲೇ. ಇಳಸು ನನ್ನ."

ಏಳು ವರ್ಷದ ಮಟ್ಟಿಗೆ ತಂದೆಗೆ ಅವನಾಡಿದ ಕೊನೆಯ ಮಾತು ಅದು.

ಒಂದು ವರ್ಷದ ನಿಷೇಧ ಬಂತು. ಆಮೇಲೆ ಯಾರೂ ಅವನಿಗೆ ಬೆಲ್ಟಿನ ಪಂದ್ಯ ಕೊಡಲಿಲ್ಲ. ಬೆಳೆಯುತ್ತಿರುವ ಹುಡುಗರು ಸುಲಭವಾಗಿ ಗೆಲ್ಲಲೆಂದು ಕರೆಸುವ ಪಂದ್ಯಗಳಿಗೆ ಹೋದ, ಸೋತ. ಅವುಗಳಲ್ಲೊಂದರಲ್ಲಿ ಎಡಗಣ್ಣಿಗೆ ಪೆಟ್ಟು ಬಿದ್ದು ಒಳಪರದೆ ಹರಿಯಿತು. ಕೊನೆಗೆ ಬಬಲೇಶ್ವರದಲ್ಲಿ ತಂಗಿಯ ಮನೆ ಸೇರಿ, ಒಣದ್ರಾಕ್ಷಿ ಇಡುವ ಒಂದು ಶೀತಗೃಹದಲ್ಲಿ ಪೆಟ್ಟಿಗೆ ಎತ್ತುವ ಕೆಲಸಕ್ಕೆ ನಿಂತ. ಜೊತೆಗೆ ಒಂದು ವಿಡಿಯೋ ಇತ್ತು, ಪುಣೆಯ ಆ ಪಂದ್ಯದ್ದು, ಅಂದು ನಾಸೀರ ಫೋನಿನಲ್ಲಿ ತೆಗೆದದ್ದು. ನಾಸೀರ ತೀರಿಕೊಂಡ ಮೇಲೆ ಅದು ಪ್ರತಾಪನ ಫೋನಿನಲ್ಲಿ ಮಾತ್ರ ಉಳಿದಿತ್ತು. ಯಾರು ಕೇಳಿದರೂ ಕಳಿಸುತ್ತಿರಲಿಲ್ಲ, ತಾನೇ ತೋರಿಸಬೇಕು. ಚಹದ ಅಂಗಡಿಯಲ್ಲಿ, ಬಸ್ಸಿನಲ್ಲಿ, ಸಾರವಾಡದ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಸಹ ತೋರಿಸಿದ್ದಾನೆ. ಶಾಂತಪ್ಪನ ಕಾಲು ಹಗ್ಗದ ಮೇಲೆ ಬಂದಾಗ ಹೆಬ್ಬೆರಳಿನಿಂದ ನಿಲ್ಲಿಸಿ, "ಈ ಕಾಲ ನೋಡ್ರಿ, ನನ್ನ ತುಳದದ್ದು ಇದ" ಎನ್ನುತ್ತಿದ್ದ.

ಊರಿನವರು ಶಾಂತಪ್ಪನನ್ನು ಬಿಡುತ್ತಾರೆಯೇ? ಅಂದು ಹಲಗಿ ಬಾರಿಸಿದವರೇ, ತೋಟಕ್ಕೆ ಹೋಗುವ ದಾರಿಯಲ್ಲಿ ಕುಳಿತು ಕೇಳುತ್ತಿದ್ದರಂತೆ: "ಪೈಲ್ವಾನ್ರ, ಮಗನ್ನ ಇನ್ನೂ ಇಳಸಿಲ್ಲೇನ್ರಿ?"

ಕಳೆದ ಜೂನಿನಲ್ಲಿ ಪ್ರತಾಪ ವಿಜಯಪುರದ ನನ್ನ ಕಣ್ಣಿನ ದವಾಖಾನೆಗೆ ಬಂದ. ನಿವೃತ್ತಿಯ ನಂತರ ವಾರಕ್ಕೆ ಮೂರು ಬೆಳಿಗ್ಗೆ ಮಾತ್ರ ನಾನು ರೋಗಿಗಳನ್ನು ನೋಡುತ್ತೇನೆ. ಸಾಲಿನಲ್ಲಿದ್ದ ಹದಿನಾಲ್ಕು ಜನರನ್ನು ದಾಟಿ ನೇರ ಒಳಗೆ ಬಂದು, ಕಣ್ಣು ಸರಿಯಿದೆ ಎಂಬ ಪ್ರಮಾಣಪತ್ರ ಬೇಕೆಂದ. ಪುಣೆಯ ಒಬ್ಬ ಆಯೋಜಕ ಆ ಹಳೆಯ ಎದುರಾಳಿಯೊಂದಿಗೇ ಮತ್ತೊಂದು ಪಂದ್ಯ ಮಾಡಿಸಲು ಮುಂದೆ ಬಂದಿದ್ದನಂತೆ. ಅವನು ಕೇಳಿದ್ದು ಎರಡೇ: ವೈದ್ಯರ ಸಹಿ, ಮತ್ತು ಜಾಹೀರಾತಿಗೆ ಆ ವಿಡಿಯೋ. ವಿಡಿಯೋ ಇಲ್ಲದಿದ್ದರೆ ಮೂವತ್ತಾರು ವರ್ಷದ, ಮರೆತುಹೋದ ಬಾಕ್ಸರನನ್ನು ನೋಡಲು ಯಾರು ಬರುತ್ತಾರೆ?

ನಾನು ಅವನನ್ನು ಸಾಲಿನ ಕೊನೆಗೆ ಕಳಿಸಿದೆ. ಅದೇ ಅವನಿಗೆ ಅನುಕೂಲವಾಯಿತು. ಕಾಯುತ್ತ ಕುಳಿತ ಒಂದೂವರೆ ತಾಸಿನಲ್ಲಿ, ಬೇರೆ ರೋಗಿಗಳು ಓದುವುದನ್ನು ಕೇಳಿ, ಗೋಡೆಯ ಹಲಗೆಯ ಮೇಲಿನ ಇಂಗ್ಲಿಷ್ ಅಕ್ಷರಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡ. ಸರದಿ ಬಂದಾಗ ಬಲಗಣ್ಣು ಮುಚ್ಚಿ, ಕೊನೆಯ ಸಾಲಿನವರೆಗೆ ಗಿಳಿಯಂತೆ ಒಪ್ಪಿಸಿದ. ನನ್ನ ಸಹಾಯಕಿ ಸೈಮಾ ಆ ಹಲಗೆಯನ್ನು ಇಳಿಸಿ, ಕನ್ನಡ ಅಕ್ಷರಗಳ ಹಲಗೆ ತೂಗುಹಾಕಿದಳು.

"ಈಗ ಓದ್ರಿ, ಅಣ್ಣಾರ."

ಎಲ್ಲಕ್ಕೂ ಮೇಲೆ ಅಂಗೈಯಷ್ಟು ದೊಡ್ಡದಾಗಿ ಬರೆದ 'ಗ' ಅವನಿಗೆ ಕಾಣಲಿಲ್ಲ.

ಎಡಗಣ್ಣಿಗೆ ಇನ್ನೊಂದು ಪೆಟ್ಟು ಬಿದ್ದರೆ ಇರುವ ಬೆಳಕೂ ಹೋಗುತ್ತದೆ, ಆ ಕಡೆಯಿಂದ ಬರುವ ಗುದ್ದು ಅವನಿಗೆ ಕಾಣುವುದೂ ಇಲ್ಲ, ಆದ್ದರಿಂದ ಸಹಿ ಮಾಡುವುದಿಲ್ಲ ಎಂದೆ. ಅವನು ಮೇಜಿನ ಮೇಲೆ ಬಾಗಿದ. ನನಗೆ ಎಪ್ಪತ್ತೊಂದು ವರ್ಷ. ಇಂಥ ಬಾಗುವಿಕೆ ಹೊಸದಲ್ಲ. ಕುರ್ಚಿಯಲ್ಲಿ ಕುಳಿತು ಬಡವರ ಬಾಳಿನ ಮೇಲೆ ಗೆರೆ ಎಳೆಯುವವಳೆಂದು ನನ್ನನ್ನು ಬೈದ. ನಂತರ ಫೋನ್ ತೆಗೆದು ವಿಡಿಯೋ ತೋರಿಸಿದ. ನಾನು ಗಮನವಿಟ್ಟು ನೋಡಿದೆ. ರೆಫರಿಯ ಒಂದು ಕೈಯ ಐದು ಬೆರಳು, ಇನ್ನೊಂದು ಕೈಯ ಒಂದು. ಎದುರಾಳಿ ಒಂದು ಮೊಣಕಾಲಿನ ಮೇಲಿದ್ದ. ಏಳುತ್ತಿದ್ದನೋ ಮತ್ತೆ ಬೀಳುತ್ತಿದ್ದನೋ ಹೇಳಲಾರೆ. ಹಾಗೆಂದೇ ಅವನಿಗೆ ಹೇಳಿದೆ. ಅವನು ಬಾಗಿಲನ್ನು ಧಡ್ಡನೆ ಹಾಕಿಕೊಂಡು ಹೋದ. ಆ ಬಾಗಿಲಿನ ಚಿಲಕ ಈಗಲೂ ಸರಿಯಾಗಿ ಕೂರುವುದಿಲ್ಲ.

ಮೂರು ತಿಂಗಳಲ್ಲಿ ನಾಲ್ಕು ಸಲ ಬಂದ, ನಾಲ್ಕು ಸಲ ಇಲ್ಲವೆಂದೆ. ಐದನೆಯ ಸಲ ತಂದೆಯನ್ನು ಕರೆತಂದ. ಶಾಂತಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಳ್ಳಿಯ ಬದಲು ಬೆರಳು ಕತ್ತರಿಸಿಕೊಂಡು ತೋಟದ ಕೆಲಸ ಬಿಟ್ಟಿದ್ದ. ಅವನನ್ನು ಕರೆತರುವಂತೆ ಹಟ ಹಿಡಿದವಳು ಸಪ್ನಾ; ಅವಳೂ ಜೊತೆಗೆ ಬಂದಿದ್ದಳು. ಪ್ರತಾಪ ಒಪ್ಪಿದ್ದು ನನ್ನನ್ನು ಮೆತ್ತಗೆ ಮಾಡಲು; ಅಂದು ಹಾಗೆ ಅಂದುಕೊಂಡೆ, ಇಂದೂ ಹಾಗೇ ಅಂದುಕೊಂಡಿದ್ದೇನೆ. ತಂದೆ ಮಗ ಬೇರೆ ಬೇರೆ ಬೆಂಚಿನ ಮೇಲೆ ಕುಳಿತಿದ್ದರು. ತಂದೆಗೆ ಹೇಳಬೇಕಾದದ್ದನ್ನು ಮಗ ಸೈಮಾಳಿಗೆ ಹೇಳುತ್ತಿದ್ದ, ಅವಳು ಮುದುಕನಿಗೆ ಹೇಳುತ್ತಿದ್ದಳು.

ಮುದುಕನ ಪರೀಕ್ಷೆ ಮಾಡಿ, ಪ್ರತಾಪನನ್ನೂ ಸಪ್ನಾಳನ್ನೂ ಒಳಗೆ ಕರೆದೆ. ಇದು ಬಹಳ ವರ್ಷದ ಪೊರೆ. ಪುಣೆಯ ಪಂದ್ಯದ ಹೊತ್ತಿಗೇ ಶುರುವಾಗಿರಬೇಕು. ಇಂಥ ಕಣ್ಣಿಗೆ ಪ್ರಖರವಾದ ದೀಪದ ಕೆಳಗೆ ಎಲ್ಲವೂ ಬಿಳಿ ಮಂಜು. ರೆಫರಿಯ ಬೆರಳು ಅಂದು ಶಾಂತಪ್ಪನಿಗೆ ಕಂಡಿರುವ ಸಂಭವ ಕಡಿಮೆ ಎಂದೆ.

"ಕಿವಿ ಇದ್ದುವಲ್ರಿ" ಎಂದ ಪ್ರತಾಪ.

"ಪಕ್ಕದಲ್ಲಿ ಹಲಗಿ ಇತ್ತಲ್ಲ" ಎಂದೆ.

ಆಗಲೇ ಸಪ್ನಾ ಆ ಹಳೆಯ ಕುಸ್ತಿಯ ಕಥೆ ಹೇಳಿದ್ದು. ಎತ್ತಲು ಯಾರೂ ಬರದಿದ್ದ ಆ ದಿನದ ಸಂಗತಿಯನ್ನು ಶಾಂತಪ್ಪ ಹೆಂಡತಿಗೆ ಮಾತ್ರ ಹೇಳಿದ್ದನಂತೆ; ರುಕ್ಮವ್ವ ಹಿಂದಿನ ವಾರವಷ್ಟೇ ಮಗಳಿಗೆ ಹೇಳಿದ್ದಳು. ಪ್ರತಾಪ ಅದನ್ನು ನಿಂತುಕೊಂಡೇ ಕೇಳಿದ. ಮುಖದಲ್ಲಿ ಏನೂ ಕಾಣಲಿಲ್ಲ. ಕೇಳಿ ಮುಗಿದ ಮೇಲೆ, ಆಪರೇಷನ್ ಯಾವಾಗ ಎಂದು ಒರಟಾಗಿ ಕೇಳಿದ.

ಶಾಂತಪ್ಪನ ಬಲಗಣ್ಣಿನ ಶಸ್ತ್ರಚಿಕಿತ್ಸೆಯ ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚುವುದಿತ್ತು. ಅದಕ್ಕೂ ಮೊದಲು ಪ್ರತಾಪ ನನ್ನ ಕೋಣೆಗೆ ಬಂದು ಮತ್ತೆ ಸಹಿ ಕೇಳಿದ. ಆಯೋಜಕ ಕೊಟ್ಟ ಗಡುವು ಆ ಶನಿವಾರಕ್ಕೆ ಮುಗಿಯುತ್ತಿತ್ತು. ಮತ್ತೆ ವಿಡಿಯೋ ತೋರಿಸಿದ, ಮತ್ತೆ ಆ ಕಾಲಿನ ಹತ್ತಿರ ನಿಲ್ಲಿಸಿದ. ನಾನು ಮತ್ತೆ ಇಲ್ಲವೆಂದೆ. ಸೊಲ್ಲಾಪುರದಲ್ಲಿ ಒಬ್ಬ ವೈದ್ಯ ಕಣ್ಣು ನೋಡದೆಯೇ ಸಹಿ ಮಾಡುತ್ತಾನಂತೆ, ಸಂಜೆಯೇ ಅಲ್ಲಿಗೆ ಹೋಗುತ್ತೇನೆ, ವಿಡಿಯೋವನ್ನೂ ಅಲ್ಲಿಂದಲೇ ಪುಣೆಗೆ ಒಯ್ಯುತ್ತೇನೆ ಎಂದ. ಅದು ಅವನ ಕಣ್ಣು, ಅವನ ಮೂರ್ಖತನ. ತಡೆಯುವ ಅಧಿಕಾರ ನನಗಿಲ್ಲ ಎಂದು ಎದ್ದೆ.

ಸೈಮಾ ಪಟ್ಟಿ ಬಿಚ್ಚಿದಳು. ಮೂರು ಮಾರು ದೂರ ನಿಂತು ಬೆರಳು ತೋರಿಸಿದಳು. ಶಾಂತಪ್ಪ ಮೂರು ಎಂದ, ಎರಡು ಎಂದ, ಐದು ಎಂದ. ಎಲ್ಲವೂ ಸರಿಯಿದ್ದವು. ಅವಳು ಇನ್ನೊಂದು ಕೈ ಎತ್ತಿದಳು.

"ಆರು" ಎಂದ ಶಾಂತಪ್ಪ. ಆಮೇಲೆ ನಿಧಾನವಾಗಿ, ನಾನೂ ಪ್ರತಾಪನೂ ನಿಂತಿದ್ದ ಬಾಗಿಲಿನ ಕಡೆ ತಿರುಗಿದ. ಏಳು ವರ್ಷಗಳಲ್ಲಿ ಮೊದಲ ಸಲ ಮಗನ ಮುಖವನ್ನು ಸ್ಪಷ್ಟವಾಗಿ ನೋಡಿದನೆಂದು ಕಾಣುತ್ತದೆ. "ಅವತ್ತ ಅಂವಾ ಎಷ್ಟ ಎಣಿಸಿದ್ದ? ಆರಾಗಿತ್ತು ಅಂತಾರ ಮಂದಿ. ಆ ವಿಡಿಯೋ ನಾ ನೋಡೇ ಇಲ್ಲ. ಈಗ ಕಾಣತೈತಿ, ತೋರ್ಸು."

ಪ್ರತಾಪ ಫೋನ್ ತೆಗೆದ. ಇನ್ನು ಆ ಕಾಲಿನ ಹತ್ತಿರ ನಿಲ್ಲಿಸುತ್ತಾನೆ ಎಂದು ನಾನು ಕಾದೆ. ತಡೆಯಲೂ ಸಿದ್ಧಳಾಗಿರಲಿಲ್ಲ; ಸತ್ಯ ನೋಡುವ ಹಕ್ಕು ಮುದುಕನಿಗಿತ್ತು. ಪ್ರತಾಪ ನನ್ನ ಪಕ್ಕದಲ್ಲೇ ನಿಂತಿದ್ದ, ಪರದೆ ನನಗೆ ಕಾಣುತ್ತಿತ್ತು. ಅವನ ಹೆಬ್ಬೆರಳು ಆ ವಿಡಿಯೋದ ಮೇಲೆ ಒತ್ತಿ ಹಿಡಿಯಿತು. ಅಳಿಸಬೇಕೇ ಎಂದು ಫೋನ್ ಕೇಳಿತು. ಅವನು ಒತ್ತಿದ. ಶಾಶ್ವತವಾಗಿ ಹೋಗುತ್ತದೆ, ಅಳಿಸಬೇಕೇ ಎಂದು ಮತ್ತೆ ಕೇಳಿತು. ಮತ್ತೆ ಒತ್ತಿದ.

"ಇಲ್ಲ, ಯಪ್ಪಾ" ಎಂದ. "ಹ್ವಾದ ತಿಂಗಳ ಫೋನ್ ಕೆಟ್ಟಿತ್ತು, ಎಲ್ಲಾ ಅಳಿಸಿ ಹೋಗೇತಿ. ಮಂದಿಗೇನ ಗೊತ್ತು? ಹತ್ತ ಆಗಿತ್ತು."