ಒಪ್ಪತ್ತಿನ ದಿನದ ಕೆಂಪು

ನಮ್ಮ ಅತ್ತೆಯ ಹುಬ್ಬುಗಳೆರಡೂ ಮೂಗಿನ ಮೇಲೆ ಬಂದು ಕೂಡಿಕೊಂಡಿದ್ದವು. ಕೆಳತುಟಿ ಎಲೆಅಡಿಕೆ ಜಗಿದು ಜಗಿದು ಕೆಮ್ಮಣ್ಣು ಬಳಿದ ಹೊಸ್ತಿಲಿನ ಹಾಗಿತ್ತು. ಅವರು ಹುಬ್ಬು ಗಂಟಿಕ್ಕಿದರೆ ಅಟ್ಟೂರಿನ ನಮ್ಮ ಬೀದಿಯ ನಾಯಿಯೂ ದಾರಿ ಬದಲಿಸುತ್ತಿತ್ತು. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಚೆಂದ ಮಾಡಿ ಬರೆಯಲು ಬಾರದು. ಆದರೆ ಮೊನ್ನೆ ಮೊಮ್ಮಗಳಿಗೆ ಹೆಣ್ಣು ಮಗು ಆಯಿತು. ಆ ಮಗುವನ್ನು ನನ್ನ ಮಡಿಲಿಗೆ ಹಾಕಿದಾಗಿನಿಂದ ಅತ್ತೆಯ ನೆನಪು ಬಿಡದೆ ಬರುತ್ತಿದೆ. ಯಾಕೆಂದು ಕೊನೆಗೆ ಹೇಳುತ್ತೇನೆ.

ನಾನು ಸೊಸೆಯಾಗಿ ಬಂದದ್ದು ಅರವತ್ತನೇ ಇಸವಿಯ ಆಸುಪಾಸಿನಲ್ಲಿ. ಅತ್ತೆಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ನನಗೂ ಅಷ್ಟೇ. “ಮುದ್ದೆ ಕಟ್ಟಕ್ಕೆ ಬರ್ದೇ ಇರೋಳ್ನ ಕಟ್ಕಂಡವ್ನೆ ನನ್ಮಗ” ಎಂದು ಬಾವಿಕಟ್ಟೆಯಲ್ಲಿ ಸಾರಿದ್ದರು. ನಾನೇನು ಸುಮ್ಮನಿರುವವಳಲ್ಲ. ಅವರ ತಟ್ಟೆಗೆ ಮುದ್ದೆಯನ್ನು ದಪ್ಪೆಂದು ಸದ್ದಾಗುವಂತೆ ಹಾಕುತ್ತಿದ್ದೆ.

ಹೀಗಿರುವಾಗ ಅತ್ತೆಗೆ ಎದೆನೋವು ಬಂತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಮಲಗಿದ್ದು ಬಂದರು. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಕೊಟ್ಟ ಡಾಕ್ಟರು, ಜಾಲಹಳ್ಳಿಯ ಫ್ಯಾಕ್ಟರಿಯಲ್ಲಿದ್ದ ನಮ್ಮ ಯಜಮಾನರನ್ನೂ ನನ್ನನ್ನೂ ಎದುರಿಗೆ ನಿಲ್ಲಿಸಿಕೊಂಡು ಹೇಳಿದರು. ಬರೆದುಕೊಟ್ಟಷ್ಟೇ ನುಂಗಬೇಕು, ತಾವಾಗಿ ಬಿಡಬಾರದು. ಕೇಳದೆ ಬೇರೆ ನೋವಿನ ಔಷಧಿ ಮುಟ್ಟಬಾರದು. ಆಗಾಗ ಬಂದು ರಕ್ತ ಪರೀಕ್ಷೆ ಮಾಡಿಸಬೇಕು. ವಸಡಿನಲ್ಲಿ ರಕ್ತ ಬಂದರೂ, ಮಲ ಕಪ್ಪಗಾದರೂ ಓಡಿ ಬರಬೇಕು. ಮಾತ್ರೆ ಕೊಡುವ ಕೆಲಸ ನನ್ನ ತಲೆಗೆ ಬಂತು. ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿ, ಮೊದಲು ಬೆಕ್ಕಿಗೆ ಹಾಕಿ ನೋಡಬೇಕು ಎಂದು ನನಗೆ ಕೇಳುವಂತೆ ಗೊಣಗಿ, ಆಮೇಲೆ ನುಂಗುತ್ತಿದ್ದರು.

ಶನಿವಾರ ಅವರಿಗೆ ಒಪ್ಪತ್ತು. ಸಂಜೆ ದೇವರಿಗೆ ದೀಪ ಹಚ್ಚುವವರೆಗೂ ಎಲೆಅಡಿಕೆ ಮುಟ್ಟುತ್ತಿರಲಿಲ್ಲ. ಮಿಕ್ಕ ದಿನವೆಲ್ಲ ಅಂಗಳದ ತುಂಬ ಅವರ ಕೆಂಪು ಉಗುಳು, ಸಾರಿಸುವವಳು ನಾನು. ಒಂದು ಶನಿವಾರ ಬೆಳಿಗ್ಗೆ ರಂಗೋಲಿ ಬಿಟ್ಟು ಒಳಗೆ ಹೋಗಿ ಬರುವಷ್ಟರಲ್ಲಿ ರಂಗೋಲಿಯ ಪಕ್ಕದಲ್ಲೇ ಕೆಂಪಗೆ ಉಗುಳಿದ್ದರು. ನನಗೋ ಹಬ್ಬ. ಕೊನೆಗೂ ಸಿಕ್ಕಿಬಿದ್ದರು ಎಂದುಕೊಂಡೆ.

“ಏನತ್ತೆ, ದೇವರ ದಿನಾನೂ ಕದ್ದು ಮೆಲ್ತೀರಾ?” ಎಂದೆ, ಪಕ್ಕದ ಮನೆಗೂ ಕೇಳುವಂತೆ.

ಅತ್ತೆ ಎದ್ದು ನಿಂತರು. “ನಾಲ್ಗೆ ಬಿದ್ದೋಗ್ತದೆ ಕಣೇ. ರಾತ್ರಿಯಿಂದ ನೀರು ಬಿಟ್ರೆ ಬಾಯಿಗೆ ಏನೂ ಆಕಿಲ್ಲ. ತಿಮ್ಮಪ್ಪನಾಣೆ.”

ಅತ್ತೆ ಎಂಥವರೇ ಆಗಿರಲಿ, ದೇವರ ಮೇಲೆ ಸುಳ್ಳು ಆಣೆ ಇಡುವವರಲ್ಲ. ಇಬ್ಬರೂ ಆ ಕೆಂಪನ್ನೇ ನೋಡುತ್ತ ನಿಂತೆವು. ಬಾಯಿ ತೆಗೆಯಿರಿ ಎಂದೆ. ನಾನು ಆ ಮನೆಗೆ ಬಂದ ಮೇಲೆ ನನ್ನ ಮಾತನ್ನು ಅವರು ಕೇಳಿದ್ದು ಅದೇ ಮೊದಲು. ವಸಡಿನ ಸಂದಿಯಿಂದೆಲ್ಲ ರಕ್ತ ಒಸರುತ್ತಿತ್ತು. ಎಷ್ಟು ದಿನದಿಂದಲೋ ಏನೋ, ಎಲೆಅಡಿಕೆಯ ಕೆಂಪಿನಲ್ಲಿ ಯಾರ ಕಣ್ಣಿಗೆ ಬಿದ್ದೀತು? ಮಲ ಕಪ್ಪಗಿದೆಯೇ ಎಂದು ಮೆಲ್ಲಗೆ ಕೇಳಿದೆ. ಹೌದೆಂದು ತಲೆಯಾಡಿಸಿದರು.

ಯಲಹಂಕದವರೆಗೆ ಎತ್ತಿನ ಗಾಡಿ, ಅಲ್ಲಿಂದ ಬಸ್ಸು. ಸೊಸೆ ಮಾತ್ರೆಯಲ್ಲಿ ಏನೋ ಬೆರೆಸಿದ್ದಾಳೆ ಎಂದು ಕಂಡಕ್ಟರಿಗೂ ಹೇಳಿದರು. ಆಸ್ಪತ್ರೆಯಲ್ಲಿ ಡಾಕ್ಟರು ಅತ್ತೆಯ ಸೊಂಟದ ಎಲೆಅಡಿಕೆ ಚೀಲ ಬಿಚ್ಚಿಸಿದರೆ ಸುಣ್ಣದ ಡಬ್ಬಿಯ ಪಕ್ಕ ಅಂಗಡಿಯ ತಲೆನೋವಿನ ಪುಡಿಯ ಪೊಟ್ಟಣಗಳು. ಮಂಡಿನೋವಿಗೆಂದು ಕದ್ದು ನೆಕ್ಕುತ್ತಿದ್ದರಂತೆ. ಆ ಪುಡಿ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ರಕ್ತ ನಿಲ್ಲಲೂ ಬಿಡುವುದಿಲ್ಲ, ಈ ಮಾತ್ರೆಯ ಜೊತೆ ಸೇರಿದರೆ ಜೀವಕ್ಕೇ ಸಂಚಕಾರ ಬರುತ್ತದೆ ಎಂದು ಡಾಕ್ಟರು ಬೈದರು. ಹಾಗಾದರೆ ಮಾತ್ರೆಯನ್ನೂ ಬಿಸಾಕುತ್ತೇನೆ ಎಂದು ಅತ್ತೆ ಎದ್ದರು.

“ಅದನ್ನ ಬಿಡ್ಸೋದೂ ಕೊಡೋದೂ ನಾನು, ನೀವಲ್ಲ. ಕೂತ್ಕೊಳ್ಳಿ” ಎಂದರು ಡಾಕ್ಟರು. ಅವರನ್ನು ಅಲ್ಲೇ ಇಟ್ಟುಕೊಂಡು, ಕೆಲವು ದಿನ ಮಾತ್ರೆ ನಿಲ್ಲಿಸಿ, ರಕ್ತ ಪರೀಕ್ಷೆ ಮಾಡಿ, ಆಮೇಲೆ ಕಡಿಮೆ ಮಾಡಿ ಕೊಟ್ಟರು.

ಮನೆಗೆ ಬಂದವರೇ ಅತ್ತೆ ಎಲೆಅಡಿಕೆ ಚೀಲವನ್ನು ಉರಿಯುವ ಒಲೆಗೆ ಹಾಕಿದರು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಮಾರನೆಯ ಬೆಳಿಗ್ಗೆ ಬಾಯಿ ಮುಕ್ಕಳಿಸಿ ಬಿಳಿ ಪಿಂಗಾಣಿ ಬೋಗುಣಿಗೆ ಉಗುಳಿ ನನ್ನನ್ನು ಕೂಗಿದರು.

“ಬಾರೇ ಇಲ್ಲಿ. ನನ್ ಕಣ್ಣು ಮಂಜು. ಕೆಂಪಗೈತಾ ನೋಡು.”

ಇಲ್ಲ ಎಂದೆ.

“ನೆಟ್ಟಗೆ ನೋಡೇ. ನಾನ್ ಸತ್ರೆ ನಿಂಗೆ ಸಲೀಸು ಅಂತ ಗೊತ್ತು ನಂಗೆ.”

ಅಲ್ಲಿಂದ ದಿನವೂ ಅದೇ. ಮುದ್ದೆಯ ಜಗಳ ನಿಲ್ಲಲಿಲ್ಲ, ಒಂದು ಒಳ್ಳೆಯ ಮಾತೂ ಬರಲಿಲ್ಲ. ಆದರೆ ಬೋಗುಣಿಯನ್ನು ಮಗನಿಗೆ ತೋರಿಸಲಿಲ್ಲ, ಹೆತ್ತ ಮಗಳು ಬಂದರೂ ತೋರಿಸಲಿಲ್ಲ. ನೋಡಬೇಕಾದವಳು ನಾನೇ. ವರ್ಷಗಳು ಹೋದವು. ಒಂದು ಬೆಳಿಗ್ಗೆ ನನ್ನನ್ನು ಯಾರೂ ಕೂಗಲಿಲ್ಲ. ಹೋಗಿ ನೋಡಿದರೆ ಬೋಗುಣಿ ಒಣಗಿತ್ತು, ಅತ್ತೆ ಮಲಗಿದಲ್ಲೇ ಹೋಗಿಬಿಟ್ಟಿದ್ದರು.

ಈಗ ನನ್ನೆದೆಗೂ ಸ್ಟೆಂಟ್ ಹಾಕಿದ್ದಾರೆ. ರಕ್ತ ಹೆಪ್ಪುಗಟ್ಟದ ಮಾತ್ರೆಯನ್ನು ತಪ್ಪದೆ ನುಂಗುತ್ತೇನೆ. ಮಂಡಿ ಎಷ್ಟೇ ನೋಯುತ್ತಿದ್ದರೂ ಡಾಕ್ಟರನ್ನು ಕೇಳದೆ ನೋವಿನ ಮಾತ್ರೆ ಮುಟ್ಟುವುದಿಲ್ಲ. ಬೆಳಿಗ್ಗೆ ಬಿಳಿ ಬೇಸಿನ್ನಿನಲ್ಲಿ ಬಾಯಿ ಮುಕ್ಕಳಿಸಿ ಬಗ್ಗಿ ನೋಡುತ್ತೇನೆ. ಇದೆಲ್ಲ ಅತ್ತೆ ನನಗೆ ಬೈದುಕೊಂಡೇ ಕಲಿಸಿದ್ದು. ಅದರಿಂದಲೇ ಈ ಕೂಸನ್ನು ಎತ್ತಿಕೊಳ್ಳುವವರೆಗೆ ಉಳಿದಿದ್ದೇನೆ. ಸಂತೋಷಕ್ಕೆ ಕೂತಲ್ಲಿ ಕೂರಲಾಗುತ್ತಿಲ್ಲ ನನಗೆ.

ಮೊನ್ನೆ ಮಡಿಲಲ್ಲಿ ಕಣ್ಣು ಬಿಟ್ಟ ಮಗು ನನ್ನನ್ನು ನೋಡಿ ಹುಬ್ಬು ಗಂಟಿಕ್ಕಿತು. ಎರಡೂ ಮೂಗಿನ ಮೇಲೆ ಬಂದು ಕೂಡಿಕೊಂಡವು.

“ಬಂದ್ರಾ ಅತ್ತೆ?” ಎಂದೆ. “ನೆಟ್ಟಗೇ ನೋಡ್ತಿದೀನಿ, ಬಿಡಿ.”