ಚಾಂದಣ್ಣನ ಸುತ್ತಿಗೆ, ಬೂಬೂನ ಕಿವಿ

ಫಿಟ್ಟರ್ ಚಾಂದ್ ಪಾಷಾನನ್ನು ನಾನು ಮೊದಮೊದಲು ಜಂಭದ ಮನುಷ್ಯ ಅಂದುಕೊಂಡಿದ್ದೆ. ಅಂದುಕೊಂಡು ಸುಮ್ಮನಿರುವ ಜಾತಿ ನನ್ನದಲ್ಲ. ನನ್ನ ಖಾನಾವಳಿಗೆ ಉಣ್ಣಲು ಬಂದವರೆದುರು ಹೇಳಿಯೂ ಹೇಳಿದ್ದೆ. ಹಿಂದಿನಿಂದ ಎಷ್ಟು ಕರೆದರೂ ಅವನು ತಿರುಗುತ್ತಿರಲಿಲ್ಲ. ಎದುರು ನಿಂತರೆ ಮಾತ್ರ ಬಾಯಿ ತುಂಬ ‘ತಂಗಿ’ ಎನ್ನುತ್ತಿದ್ದ. ಇದೆಂಥ ದೊಡ್ಡಸ್ತಿಕೆ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಯಲ್ಲಾಪುರದ ಕಾಡಿನಂಚಿಗೆ ಆಗ ಒಂದು ಮರದ ಡಿಪೊ ಇತ್ತು. ಅಲ್ಲಿಂದ ಸಣ್ಣದೊಂದು ರೈಲುದಾರಿ ಹೊರಟು ದೂರದ ದೊಡ್ಡ ಲೈನನ್ನು ಕೂಡುತ್ತಿತ್ತು. ದಿಮ್ಮಿ ಎಳೆಯುವ ಎಂಜಿನ್ನಿಗೆ ಎಲ್ಲರೂ ಕರಿಯವ್ವ ಎನ್ನುತ್ತಿದ್ದರು. ಅದರ ಡ್ರೈವರ್ ನಮ್ಮವರು. ಗಂಡನ ಹೆಸರು ಹೇಳಬಾರದು, ಆದರೆ ಹೇಳದಿದ್ದರೆ ಕಥೆ ಮುಂದೆ ಹೋಗುವುದಿಲ್ಲ: ಸೀತಾರಾಮ. ಶೆಡ್ಡಿನ ಮಗ್ಗುಲಲ್ಲೇ ನನ್ನ ಖಾನಾವಳಿ. ಲಾರಿಗಳು ಬಂದವು ನೋಡಿ, ವಯಸ್ಸಾದ ಕರಿಯವ್ವನನ್ನು ಕೇಳುವವರಿಲ್ಲವಾಯಿತು. ಅವಳನ್ನು ಶೆಡ್ಡಿಗೆ ತಳ್ಳಿ ನಿಲ್ಲಿಸಿದರು. ನಮ್ಮವರು ದಿಮ್ಮಿ ಎಣಿಸುವ ಕೆಲಸಕ್ಕೆ ಬಿದ್ದರು. ನನ್ನ ಕೋಳಿ ಅವಳ ಹೊಗೆಗೂಡಿನಲ್ಲಿ ಮೊಟ್ಟೆ ಇಡತೊಡಗಿತು.

ಡಿಪೊದ ಮ್ಯಾನೇಜರು ಕರಿಯವ್ವನನ್ನು ಒಡೆದು ಗುಜರಿಗೆ ಹಾಕುತ್ತೇನೆಂದ ದಿನ ಚಾಂದಣ್ಣ ಅವರ ಬಾಗಿಲಲ್ಲಿ ನಿಂತವನು ಸಂಜೆಯ ತನಕ ಕದಲಲಿಲ್ಲವಂತೆ. ಕೊನೆಗೆ ಅವರೇ ಬೇಸತ್ತು ಒಪ್ಪಿದರು. ಮಳೆಗಾಲದೊಳಗೆ ರಿಪೇರಿಯಾಗಬೇಕು, ಭಾರ ಎಳೆದುಕೊಂಡು ದೊಡ್ಡ ಲೈನಿನ ತನಕ ಓಡಿ ಬಂದು ತೋರಿಸಬೇಕು. ಓಡಿದರೆ ಉಳಿಯುತ್ತಾಳೆ, ಇಲ್ಲದಿದ್ದರೆ ಸುತ್ತಿಗೆ ಬೀಳುತ್ತದೆ.

ಚಾಂದಣ್ಣ ಯಲ್ಲಾಪುರದ ಗಾಡಿ ಹೊಡೆಯುವವರ ಮನೆಯ ಹುಡುಗ. ಎತ್ತಿನ ಸಹವಾಸ ಬಿಟ್ಟು ಹುಬ್ಬಳ್ಳಿಯ ಕಡೆ ಯಾವುದೋ ಕಾರ್ಖಾನೆ ಸೇರಿದ್ದ. ಸಣಕಲು ಮೈ ಎಂದು ಬಾಯ್ಲರಿನ ಹೊಟ್ಟೆಯೊಳಗೆ ಅವನನ್ನು ಕೂರಿಸಿ, ಹೊರಗಿನಿಂದ ನಾಲ್ಕು ಜನ ತಗಡು ಕೂಡಿಸುವ ರಿವೆಟ್ ಮೊಳೆ ಬಡಿಯುತ್ತಿದ್ದರು. ಗುಡಿಯ ಗಂಟೆಯೊಳಗೆ ತಲೆಯಿಟ್ಟು ಕೂತ ಹಾಗೆ. ಹರೆಯವೆಲ್ಲ ಅಲ್ಲೇ ಕಳೆದು, ಮದುವೆಯಾಗಿ ಊರಿಗೆ ಬಂದು ಕರಿಯವ್ವನ ಕೈಹಿಡಿದಿದ್ದ. ಅವಳ ಮೇಲೆ ಅವನಿಗೆ ಎಷ್ಟು ಅಕ್ಕರೆಯೆಂದರೆ, ಸಿದ್ದಾಪುರದ ಗಾಡಿಯವರಿಗೆ ಹೇಳಿ ಅಡಿಕೆ ಬೇಯಿಸಿದ ಚೊಗರನ್ನು ಡಬ್ಬಿಯಲ್ಲಿ ತರಿಸಿ ಬಾಯ್ಲರಿಗೆ ಕುಡಿಸುತ್ತಿದ್ದ. ಒಳಗೆ ಕಟ್ಟಿದ ಕಿಟ್ಟ ಅದರಿಂದ ಸಡಿಲಾಗುತ್ತದಂತೆ. ಬಾಣಂತಿಗೆ ಕಷಾಯ ಕುಡಿಸಿದ ಹಾಗೆ ಎಂದು ನಾನು ಆಡಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಬಂದರೂ ಅವನು ಬರಲಿಲ್ಲ. ಕರೆಯಲು ಹೋದೆ. ನನಗೆ ಬೆನ್ನು ಹಾಕಿ ಕರಿಯವ್ವನ ಭಟ್ಟಿಯನ್ನು ಬಡಿದು ನೋಡುತ್ತಿದ್ದ. ಈ ಬಡಿಯುವುದು ಏನೆಂದು ನಮ್ಮವರು ನನಗೆ ಹೇಳಿದ್ದರು. ಬೆಂಕಿ ಉರಿಯುವ ಭಟ್ಟಿಯ ಸುತ್ತ ನೀರಿರುತ್ತದೆ, ಆ ನೀರಿನ ಎರಡೂ ಬದಿಯ ತಗಡನ್ನು ಹೆಬ್ಬೆರಳು ಗಾತ್ರದ ಕಂಬಿಗಳು ಹಿಡಿದಿರುತ್ತವೆ. ಗಟ್ಟಿ ಕಂಬಿ ಠಣ್ ಎನ್ನುತ್ತದೆ, ಒಳಗೆ ಮುರಿದದ್ದು ಬೊದ್ದೆನ್ನುತ್ತದೆ. ಮುರಿದದ್ದನ್ನು ಹಾಗೇ ಬಿಟ್ಟು ಉಗಿ ಏರಿಸಿದರೆ ತಗಡು ಹರಿದು ಕುದಿನೀರೆಲ್ಲ ಡ್ರೈವರನ ಮೈಮೇಲೆ.

ನನ್ನ ಕೈಯಲ್ಲಿದ್ದ ಹಿತ್ತಾಳೆ ಮುಚ್ಚಳ ಜಾರಿ ಹಳಿಯ ಮೇಲೆ ಬಿತ್ತು. ಶೆಡ್ಡಿಗೆ ಶೆಡ್ಡೇ ಗಣಗಣಿಸಿತು. ಚಾಂದಣ್ಣ ತಿರುಗಲಿಲ್ಲ. ಎತ್ತಿಕೊಂಡು ಬೇಕೆಂದೇ ಇನ್ನೊಮ್ಮೆ ಎಸೆದೆ. ತಿರುಗಲಿಲ್ಲ. ಪಕ್ಕಕ್ಕೆ ಸರಿದು ನೋಡಿದರೆ, ಒಂದು ಕಂಬಿಗೆ ಬಡಿದು, ಅದರ ಮೇಲೆ ಬೆರಳಿಟ್ಟು, ಕಣ್ಣು ಮುಚ್ಚಿ ನಿಂತಿದ್ದ. ಈ ಮನುಷ್ಯ ಕೇಳುತ್ತಿಲ್ಲ, ತಡಕುತ್ತಿದ್ದಾನೆ!

ಮ್ಯಾನೇಜರಿಗೆ ಹೇಳಿದರೆ ಅವನ ಅನ್ನ ಹೋಗುತ್ತದೆ, ಕರಿಯವ್ವನೂ ಹೋಗುತ್ತಾಳೆ. ಹೇಳದಿದ್ದರೆ ನನ್ನ ಗಂಡನ ಜೀವ. ಕಾಲು ನೇರ ಅವನ ಮನೆಗೆ ನಡೆಯಿತು. ಅವನ ಹೆಂಡತಿ ಬದ್ರುನ್ನಿಸಾ, ನಮ್ಮೆಲ್ಲರ ಬೂಬೂ, ಅಕ್ಕಿ ತೊಳೆಯುತ್ತಿದ್ದಳು. ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಟ್ಟೆ.

“ಆ ಭಟ್ಟಿ ಮುಂದ ನಿಂದರಾವ್ರು ನಮ್ಮವರು, ಬೂಬೂ. ನಿನ್ನ ಗಂಡಗ ಕಿವಿ ಕೇಳಂಗಿಲ್ಲ.”

“ಗೊತ್ತೈತಿ,” ಎಂದಳು.

ನನ್ನ ಸಿಟ್ಟು ಅಲ್ಲೇ ನಿಂತಿತು. ಅವಳು ತಲೆ ತಗ್ಗಿಸಿ ಹೇಳಿದಳು. ಮಸೀದಿಯಿಂದ ಆಜಾನ್ ಕೇಳಿದರೆ ಹೆಂಗಸರು ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಾರಲ್ಲ, ಕೆಲವು ವರ್ಷಗಳಿಂದ ಅವನು ಅವಳ ಸೆರಗನ್ನೇ ಕದ್ದು ನೋಡಿ ನಮಾಜಿಗೆ ಏಳುತ್ತಾನಂತೆ. ಅದು ತಿಳಿದ ಮೇಲೆ ಅವಳು ಅವನ ಕಣ್ಣಿಗೆ ಬೀಳುವಲ್ಲೇ ಕೂತು, ಕಾಣುವ ಹಾಗೆ ಎಳೆದುಕೊಳ್ಳುತ್ತಾಳಂತೆ. ಮಾತೆಲ್ಲ ಅವನ ಮುಖ ನೋಡಿಯೇ ಆಡುತ್ತಾಳಂತೆ. ತನಗೆ ಗೊತ್ತೆಂದು ಅವನಿಗೆ ಹೇಳಿಲ್ಲ, ಹೇಳಿದರೆ ಎಲ್ಲಿ ಕುಗ್ಗಿಹೋಗುತ್ತಾನೋ ಎಂದು. ಹೇಳುತ್ತ ಹೇಳುತ್ತ ಕಣ್ಣೊರೆಸಿಕೊಂಡಳು. ನಾನೂ ಅವಳ ಪಕ್ಕ ಕೂತೆ. ಆದರೂ ಗಂಡ ಗಂಡನೇ, ನಾನು ಅಲ್ಲಿಂದ ಏಳಲಿಲ್ಲ.

ಸ್ವಲ್ಪ ಹೊತ್ತಿಗೆ ಬೂಬೂ ಕೈ ಒರೆಸಿಕೊಂಡು ಎಲೆಯಡಿಕೆ ಡಬ್ಬಿ ತೆಗೆದುಕೊಂಡು ನನ್ನ ಜೊತೆ ಶೆಡ್ಡಿಗೆ ಹೊರಟಳು. ಒಂದು ಮಾತು ಹೇಳಬೇಕು. ಯಲ್ಲಾಪುರದ ಸಂತೆಯಲ್ಲಿ ನಮ್ಮ ಕೇರಿಯವರೆಲ್ಲ ಗಡಿಗೆ ಕೊಳ್ಳುತ್ತಿದ್ದುದು ಅವಳ ಕೈಯಿಂದ ತಟ್ಟಿಸಿ ನೋಡಿಯೇ. ಕಣ್ಣಿಗೆ ಕಾಣದ ಸೀಳೂ ಅವಳ ಕಿವಿಗೆ ಸಿಗುತ್ತಿತ್ತು.

ಶೆಡ್ಡಿನಲ್ಲಿ ಆಗ ಚಾಂದಣ್ಣ ಒಬ್ಬನೇ ಇದ್ದ. ಹೆಂಡತಿಯನ್ನು ಕಂಡು ಗಾಬರಿಯಾದ. ಅವಳು ಎದುರು ನಿಂತು ಮೆಲ್ಲಗೆ ಅಂದಳು: “ನೀವು ಬಡೀರಿ. ನಾ ಕೇಳ್ತೀನಿ.”

ಅವನು ಎತ್ತಿದ ಸುತ್ತಿಗೆ ಇಳಿಸಿದ. “ಯಾವಾಗಿಂದ ಗೊತ್ತು?” ಎಂದ.

“ನೀವು ನನ್ನ ಸೆರಗು ನೋಡಾಕ ಹತ್ತಿದಾಗಿಂದ.”

ಅವನು ಮುಖ ಆಚೆ ತಿರುಗಿಸಿದ. ಆಮೇಲೆ ಬಡಿಯತೊಡಗಿದ. ಬೂಬೂ ಕಿವಿಗೊಟ್ಟು, ಕೆಟ್ಟ ಕಂಬಿ ಸಿಕ್ಕಲ್ಲಿ ಡಬ್ಬಿಯ ಸುಣ್ಣ ತೆಗೆದು ಬೊಟ್ಟಿಡುತ್ತ ಹೋದಳು. ಬಹುಪಾಲು ಕೆಟ್ಟ ಕಂಬಿಗಳನ್ನು ಅವನ ಬೆರಳುಗಳೇ ಮೊದಲು ಹಿಡಿದವು. ಅದನ್ನು ನೋಡಿ ನನಗೆ ನಾಚಿಕೆಯಾಯಿತು. ಆದರೆ ಡ್ರೈವರ್ ನಿಲ್ಲುವ ಜಾಗಕ್ಕೆ ಎದುರಾದ ಒಂದು ಕಂಬಿಗೆ ಬಡಿದು, ಬೆರಳಿಟ್ಟು, ಗಟ್ಟಿ ಇದೆ ಎಂದು ಮುಂದೆ ಸಾಗಿದ. ಬೂಬೂ ಅವನ ಮುಂಗೈ ಹಿಡಿದಳು. ಇನ್ನೊಮ್ಮೆ ಬಡಿಸಿದಳು. ಸುಣ್ಣ ಹಚ್ಚಿದಳು.

ಕೊರೆದು ತೆಗೆದಾಗ ಆ ಕಂಬಿ ಎರಡು ತುಂಡಾಗಿ ಬಂತು. ಚಾಂದಣ್ಣ ಅದನ್ನು ಅಂಗೈಯಲ್ಲಿಟ್ಟುಕೊಂಡು ಅಲ್ಲೇ ನೆಲದ ಮೇಲೆ ಕೂತ. ಅವನನ್ನು ಬೈಯಲೆಂದೇ ಬಂದವಳು ನಾನು, ನೀರು ತಂದು ಕುಡಿಸಿದೆ.

ಆ ತುಂಡುಗಳನ್ನು ಅವನು ತಾನೇ ನಮ್ಮವರ ಮುಂದಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ನಮ್ಮವರು ಮಾತಿನಲ್ಲಿ ಜಿಪುಣರು. ತುಂಡುಗಳನ್ನು ತಿರುಗಿಸಿ ನೋಡಿ, ಉಳಿದವನ್ನೆಲ್ಲ ಬೂಬೂ ಕೇಳಿದ್ದಾಳೋ ಎಂದು ನನ್ನನ್ನು ಕೇಳಿದರು. ಹೂಂ ಅಂದೆ. “ಹಂಗಾರ ನಾ ಹತ್ತತೀನಿ,” ಎಂದು ಎದ್ದು ಅವನ ಹೆಗಲ ಮೇಲೆ ಕೈಯಿಟ್ಟರು.

ಓಟದ ದಿನ ಕರಿಯವ್ವ ಹೊಸ ಕಂಬಿ ಹಾಕಿಸಿಕೊಂಡು, ಎಣ್ಣೆ ಹಚ್ಚಿಸಿಕೊಂಡು ಮಿರಮಿರನೆ ಹೊರಬಂದಳು. ಮ್ಯಾನೇಜರು, ಕೂಲಿಗಳು, ಲಾರಿಯವರು ಎಲ್ಲ ಆಚೆ ಬದಿಗೆ ನೆರೆದಿದ್ದರು. ಬೂಬೂ ನನ್ನ ಅಡುಗೆಮನೆಯ ಹಿತ್ತಲ ಬಾಗಿಲಲ್ಲಿದ್ದಳು. ಒಲೆಯ ಝಳಕ್ಕೆ ಸೆರಗು ಹೆಗಲಿಗೆ ಜಾರಿತ್ತು. ದಿಮ್ಮಿಯ ಡಬ್ಬಿಗಳು ಒಂದೊಂದಾಗಿ ಕದಲಿದವು. ನನ್ನ ಜೀವ ಕೈಯಲ್ಲಿತ್ತು. ಸಂಜೆ ಕರಿಯವ್ವ ದೊಡ್ಡ ಲೈನು ಮುಟ್ಟಿ ಬರುವ ತನಕ ನಾನು ಒಂದು ಹನಿ ನೀರೂ ಕುಡಿಯಲಿಲ್ಲ.

ಡಿಪೊ ಕಂಡದ್ದೇ ನಮ್ಮವರು ಸಿಳ್ಳೆಯ ಹಗ್ಗ ಎಳೆದರು. ಕಾಡೆಲ್ಲ ಕೇಳುವ ಹಾಗೆ ಕೂಗಿದಳು ಕರಿಯವ್ವ. ಜನವೆಲ್ಲ ಎಂಜಿನ್ನಿನ ಕಡೆ ಓಡಿತು. ಶೆಡ್ಡಿನ ಬಾಗಿಲಲ್ಲಿದ್ದ ಚಾಂದಣ್ಣ ಓಡಲಿಲ್ಲ. ಹಿತ್ತಲ ಬಾಗಿಲ ಕಡೆ ತಿರುಗಿ ಬೂಬೂನ ಮುಖ ನೋಡಿದ.

ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

ಅವನ ಕಣ್ಣಿಂದ ನೀರು ಹರಿಯಿತು. ಮಸಿ ಕೈಯಲ್ಲೇ ಒರೆಸಿಕೊಂಡ. ನನಗೆ ತಡೆಯಲಾಗಲಿಲ್ಲ. ನಾಚಿಕೆ ಬಿಟ್ಟು ನಮ್ಮವರಿಗೆ ಕೂಗಿ ಹೇಳಿದೆ, ಇನ್ನೊಮ್ಮೆ ಊದಿಸಿರೆಂದು. ಊದಿಸಿದರು. ಸೆರಗು ಆಗಲೇ ತಲೆಯ ಮೇಲಿತ್ತಲ್ಲ, ಏನು ಮಾಡಬೇಕೋ ತೋಚದೆ ಬೂಬೂ ನಕ್ಕುಬಿಟ್ಟಳು. ಆಮೇಲೆ ಅದನ್ನು ಹೆಗಲಿಗೆ ಇಳಿಸಿ, ಅವನಿಗೆ ಕಾಣುವ ಹಾಗೆ, ಮತ್ತೆ ಹೊದ್ದುಕೊಂಡಳು.